ಒಂದೇ ಮುಖಕ್ಕೆ ಎಷ್ಟು ಆಕ್ಟಿವ್? ಯಾವುದರ ಜೊತೆ ಯಾವುದು ಹೊಂದುತ್ತೆ, ಯಾವುದು ಹೊಂದಲ್ಲ

ಎಳೆಬಿಸಿಲು
ನೇರವಾಗಿ ಪ್ರಶ್ನೆಗೆ ಬರ್ತೀನಿ. ಕೈಯಲ್ಲಿ ಐದು ಆಕ್ಟಿವ್, ಅಂದರೆ ಚರ್ಮದ ಮೇಲೆ ನೇರವಾಗಿ ಕೆಲಸ ಮಾಡುವ ಪದಾರ್ಥಗಳ ಬಾಟಲಿ ಇವೆ: 15% ಎಲ್-ಆಸ್ಕಾರ್ಬಿಕ್ ಆಸಿಡ್ ಇರುವ ವಿಟಮಿನ್ ಸಿ ಸೀರಮ್, 10% ನಿಯಾಸಿನಮೈಡ್, 7% ಗ್ಲೈಕಾಲಿಕ್ ಟೋನರ್, 2% ಸ್ಯಾಲಿಸಿಲಿಕ್ ಸೀರಮ್, 0.3% ರೆಟಿನಾಲ್ (ವಿಟಮಿನ್ ಎ). ಗೋಧಿ ಬಣ್ಣದ, ಎಣ್ಣೆ ಜಿನುಗುವ ಚರ್ಮ. ಆಗಾಗ ಮೊಡವೆ, ಅದರ ಹಿಂದೆಯೇ ಕಪ್ಪು ಕಲೆ. ಐದನ್ನೂ ಬಳಸಬಹುದಾ? ಯಾವ ಕ್ರಮದಲ್ಲಿ? "ಇದರ ಜೊತೆ ಅದು ಬೇಡ" ಅನ್ನುವ ಪಟ್ಟಿಗಳು ಒಂದಕ್ಕೊಂದು ತಾಳೆಯಾಗ್ತಿಲ್ಲ.

ಚರ್ಮಚಿಂತನ
ಪಟ್ಟಿಗಳು ಯಾಕೆ ತಾಳೆಯಾಗಲ್ಲ ಅನ್ನೋದನ್ನ ಮೊದಲು ಬಿಡಿಸೋಣ. "ಜೊತೆಗೆ ಬೇಡ" ಅನ್ನುವ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾರಣ ಇರುತ್ತವೆ. ಪಟ್ಟಿ ಮಾಡುವವರು ಮೂರನ್ನೂ ಒಂದೇ ಚೀಲಕ್ಕೆ ತುಂಬಿಬಿಡ್ತಾರೆ.

ಮೊದಲನೆಯದು, ಒಂದು ಪದಾರ್ಥ ಇನ್ನೊಂದನ್ನು ನಿಜವಾಗಿಯೇ ಹಾಳುಮಾಡುವುದು. ಮೊಡವೆಗೆ ಹಚ್ಚುವ ಬೆನ್ಝಾಯ್ಲ್ ಪೆರಾಕ್ಸೈಡ್ ಮತ್ತು ಟ್ರೆಟಿನಾಯಿನ್ (ರೆಟಿನಾಲ್ ಕುಟುಂಬದ್ದೇ, ಅದಕ್ಕಿಂತ ಪ್ರಬಲವಾದ ಔಷಧ) ಇದಕ್ಕೆ ಉದಾಹರಣೆ. ಇಂಥ ಜೋಡಿಗಳು ಬೆರಳೆಣಿಕೆಯಷ್ಟು. ಎರಡನೆಯದು ಪಿಎಚ್, ಅಂದರೆ ಆಮ್ಲೀಯತೆಯ ಅಳತೆ (ಸಂಖ್ಯೆ ಕಡಿಮೆಯಾದಷ್ಟೂ ಆಮ್ಲೀಯತೆ ಹೆಚ್ಚು): ಒಂದಕ್ಕೆ ಆಮ್ಲೀಯ ವಾತಾವರಣ ಬೇಕು, ಇನ್ನೊಂದಕ್ಕೆ ಬೇಡ. ಇದರ ಬಗ್ಗೆ ಜನ ಹೆದರುವಷ್ಟು ತೊಂದರೆ ಮುಖದ ಮೇಲೆ ಆಗಲ್ಲ. ಮೂರನೆಯದು, ಎರಡೂ ಚರ್ಮವನ್ನು ಕೆರಳಿಸುವುದು. ಮುಖ ಸುಡುವುದು, ಸಿಪ್ಪೆ ಏಳುವುದು, ಕಲೆ ಹೆಚ್ಚುವುದು ಬಹುಪಾಲು ಇದರಿಂದಲೇ. ಆದರೆ ಪಟ್ಟಿಗಳಲ್ಲಿ ಅತಿ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ.

ಚರ್ಮದ ಹೊರಪದರದಲ್ಲಿ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ ತುಂಬಿಕೊಂಡಿರುತ್ತವೆ. ಒಳಗಿನ ನೀರು ಆರದಂತೆ, ಹೊರಗಿನದು ಒಳನುಗ್ಗದಂತೆ ತಡೆಯುವುದು ಅದೇ. ಗ್ಲೈಕಾಲಿಕ್ ಆಮ್ಲ ಈ ಕೋಶಗಳ ಹಿಡಿತ ಸಡಿಲಿಸುತ್ತೆ. ರೆಟಿನಾಲ್ ಕೆಳಗಿನಿಂದ ಹೊಸ ಕೋಶಗಳನ್ನು ಬೇಗ ಬೇಗ ಮೇಲಕ್ಕೆ ತಳ್ಳುತ್ತೆ, ಶುರುವಿನ ವಾರಗಳಲ್ಲಿ ಹೊರಪದರ ತೆಳುವಾಗುತ್ತೆ. ಎರಡನ್ನೂ ಒಂದೇ ರಾತ್ರಿ ಹಚ್ಚಿದರೆ ಅವು ಬಾಟಲಿಯಲ್ಲಾಗಲಿ ಮುಖದ ಮೇಲಾಗಲಿ ಪರಸ್ಪರ ಕೆಡುವುದಿಲ್ಲ. ಕೆಡುವುದು ಈ ತಡೆಗೋಡೆ. ಅದು ಸಡಿಲವಾದ ಮೇಲೆ ನಿನ್ನೆವರೆಗೆ ಸುಮ್ಮನಿದ್ದ ಮಾಯಿಶ್ಚರೈಸರ್ ಕೂಡ ಚುರುಗುಟ್ಟುತ್ತೆ.

ಗೋಧಿ, ಕಂದು, ಕಪ್ಪು ಚರ್ಮಕ್ಕೆ ಇನ್ನೂ ಒಂದು ತೊಂದರೆ ಇದೆ. ಉರಿಯೂತ ಎಲ್ಲೇ ಆದರೂ ಮೆಲನಿನ್ ಹೆಚ್ಚು ಉತ್ಪತ್ತಿಯಾಗಿ ಆ ಜಾಗ ಕಪ್ಪಾಗುತ್ತೆ. ಕಲೆ ಹೋಗಿಸಲು ಹಚ್ಚಿದ ಆಮ್ಲವೇ ಹೊಸ ಕಲೆ ಮಾಡುವುದು ಹೀಗೆ. ಅದಕ್ಕೆ ನಾನು ಲೆಕ್ಕ ಹಾಕುವುದು "ಯಾವುದಕ್ಕೆ ಯಾವುದು ಶತ್ರು" ಅಂತ ಅಲ್ಲ, "ಈ ವಾರ ಈ ಚರ್ಮದ ಮೇಲೆ ಒಟ್ಟು ಎಷ್ಟು ಕೆರಳಿಕೆ ಬೀಳ್ತಿದೆ" ಅಂತ.

ನಿಮ್ಮ ಐದರಲ್ಲಿ ಗ್ಲೈಕಾಲಿಕ್ ಅನ್ನು ಸದ್ಯಕ್ಕೆ ಎತ್ತಿಡಿ. ಮೊಡವೆ ಬರುವ ಎಣ್ಣೆ ಚರ್ಮಕ್ಕೆ ಸ್ಯಾಲಿಸಿಲಿಕ್ ಹೆಚ್ಚು ಹೊಂದುತ್ತೆ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದೊಳಗಿನ ಜಿಡ್ಡಿಗೆ ಇಳಿಯುತ್ತೆ, ಗ್ಲೈಕಾಲಿಕ್ ನೀರಲ್ಲಿ ಕರಗುವಂಥದ್ದು, ಮೇಲ್ಮೈಯಲ್ಲೇ ಹೆಚ್ಚು ಕೆಲಸ ಮಾಡುತ್ತೆ.

ಶುರು ಮಾಡುವ ಕ್ರಮ: ಮೊದಲ ಎರಡು ವಾರ ಮೃದು ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮಾತ್ರ. ಮಾಯಿಶ್ಚರೈಸರ್ ಹಚ್ಚಿದಾಗ ಎಲ್ಲೂ ಉರಿಯದಿದ್ದರೆ ಮೂರನೇ ವಾರದಿಂದ ರೆಟಿನಾಲ್, ವಾರಕ್ಕೆ ಎರಡು ರಾತ್ರಿ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಮೂಗಿನ ಪಕ್ಕದ ಮಡಿಕೆ, ಬಾಯಿಯ ಮೂಲೆ, ಕಣ್ಣಿನ ಸುತ್ತ ಬಿಟ್ಟು ಹಚ್ಚಿ. ನಾಲ್ಕು ವಾರ ತೊಂದರೆ ಇಲ್ಲದೆ ಕಳೆದರೆ ರೆಟಿನಾಲ್ ಇಲ್ಲದ ಒಂದು ರಾತ್ರಿ ಸ್ಯಾಲಿಸಿಲಿಕ್ ಸೇರಿಸಿ. ವಿಟಮಿನ್ ಸಿ ಬೆಳಗ್ಗೆ, ಅದೂ ರೆಟಿನಾಲ್ ಒಗ್ಗಿದ ಮೇಲೆ. ಒಂದು ಸಲಕ್ಕೆ ಒಂದೇ ಹೊಸದು. ಎರಡು ಒಟ್ಟಿಗೆ ಶುರು ಮಾಡಿ ಮುಖ ಕೆಂಪಾದರೆ ಯಾವುದರಿಂದ ಅಂತ ಗೊತ್ತಾಗಲ್ಲ.

ಲಿಟ್ಮಸ್
ಪಿಎಚ್ ವಿಷಯಕ್ಕೆ ಸ್ವಲ್ಪ ಸಂಖ್ಯೆ ಸೇರಿಸ್ತೀನಿ, ಯಾಕಂದ್ರೆ ಲೇಬಲ್ ಮೇಲಿನ ಶೇಕಡಾ ನೋಡಿ ಮೋಸ ಹೋಗುವುದು ಇಲ್ಲೇ.

ಆಮ್ಲ ಚರ್ಮದೊಳಗೆ ಸುಲಭವಾಗಿ ಇಳಿಯುವುದು ಅದು ಮುಕ್ತ ಆಮ್ಲದ ರೂಪದಲ್ಲಿ ಇದ್ದಾಗ. ಗ್ಲೈಕಾಲಿಕ್‌ನ ಪಿಕೆಎ 3.83. ಅಂದರೆ ಪಿಎಚ್ 3.8ರ ಸುಮಾರಿನಲ್ಲಿ ಅರ್ಧದಷ್ಟು ಮುಕ್ತ ಆಮ್ಲ, ಪಿಎಚ್ 4.8ಕ್ಕೆ ಏರಿಸಿದರೆ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ. ಪಿಎಚ್ 3.6ರಲ್ಲಿರುವ 7% ಟೋನರ್, ಪಿಎಚ್ 4.8ರಲ್ಲಿರುವ 10% ಕ್ರೀಮಿಗಿಂತ ಎಷ್ಟೋ ಪ್ರಬಲ. ಸ್ಯಾಲಿಸಿಲಿಕ್‌ನ ಪಿಕೆಎ 2.97, ಪಿಎಚ್ 4ರಲ್ಲಿ ಶೇಕಡಾ 8-9ರಷ್ಟೇ ಮುಕ್ತವಾಗಿ ಉಳಿಯುತ್ತೆ. ಹಾಗಾಗಿ ಎರಡು ಕಂಪನಿಗಳ "2%" ಒಂದೇ ಅಲ್ಲ.

ಅಮೆರಿಕದ ಸೌಂದರ್ಯವರ್ಧಕ ಪದಾರ್ಥಗಳ ಪರಿಶೀಲನಾ ಮಂಡಳಿ 1998ರಲ್ಲಿ ಗ್ಲೈಕಾಲಿಕ್, ಲ್ಯಾಕ್ಟಿಕ್ ಆಮ್ಲಗಳಿಗೆ ಮನೆಬಳಕೆಯ ಮಿತಿ ಹೇಳಿತು: 10% ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗೆ ಹೋಗಬಾರದು, ಬಿಸಿಲಿನ ರಕ್ಷಣೆಯ ಸೂಚನೆ ಇರಬೇಕು. ಚರ್ಮದ ಮೇಲ್ಪದರ ಸುಲಿಯುವ 20-30%ನ "ಪೀಲ್" ಬಾಟಲಿಗಳನ್ನು ರೆಟಿನಾಲ್ ಬಳಸುವ ಮುಖಕ್ಕೆ ಮನೆಯಲ್ಲಿ ಹಚ್ಚಬೇಡಿ ಅಂತಲೇ ನನ್ನ ಮಾತು.

ಇನ್ನೊಂದು. "ಆಸಿಡ್ ಹಚ್ಚಿ ಅರ್ಧ ಗಂಟೆ ಕಾಯಬೇಕು" ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆರಿದ ಮೇಲೆ ಮಾಯಿಶ್ಚರೈಸರ್ ಹಚ್ಚಬಹುದು. ಕಾಯಬೇಕಾದದ್ದು ಟ್ರೆಟಿನಾಯಿನ್‌ಗೆ. ಮುಖ ತೊಳೆದು 20ರಿಂದ 30 ನಿಮಿಷ ಬಿಟ್ಟು, ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಿ ಅಂತ ಅದರ ಸೂಚನಾಪತ್ರವೇ ಹೇಳುತ್ತೆ. ಒದ್ದೆ ಚರ್ಮದ ಮೇಲೆ ಉರಿ ಹೆಚ್ಚು.

ಎಳೆಬಿಸಿಲು
ನಿಯಾಸಿನಮೈಡ್ ಬಗ್ಗೆ ಯಾರೂ ಹೇಳಲಿಲ್ಲ. ವಿಟಮಿನ್ ಸಿ ಜೊತೆ ಸೇರಿದರೆ ನಿಯಾಸಿನ್ ಆಗಿ ಮುಖ ಕೆಂಪಾಗುತ್ತೆ ಅಂತಾರಲ್ಲ?

ಲಿಟ್ಮಸ್
ನಿಯಾಸಿನಮೈಡ್ ನಿಕೋಟಿನಿಕ್ ಆಮ್ಲವಾಗಿ (ನಿಯಾಸಿನ್ ಅಂದರೆ ಇದೇ) ಒಡೆಯಲು ತೀವ್ರ ಆಮ್ಲ ಅಥವಾ ಕ್ಷಾರ, ಜೊತೆಗೆ ಬಿಸಿ, ಜೊತೆಗೆ ಸಾಕಷ್ಟು ಹೊತ್ತು ಬೇಕು. ಮುಖದ ಮೇಲಿನ ತೆಳು ಪದರದಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಆಗಲ್ಲ. ಎರಡನ್ನೂ ಒಂದೇ ಬೆಳಗ್ಗೆ ಬಳಸಬಹುದು. ಕೆಂಪಾದರೆ ಕಾರಣ ಬೇರೆ ಕಡೆ ಹುಡುಕಿ: ಆಸ್ಕಾರ್ಬಿಕ್ ಸೀರಮ್‌ನ ಪಿಎಚ್ 3.5ಕ್ಕಿಂತ ಕೆಳಗಿರುತ್ತೆ, ಇಲ್ಲದಿದ್ದರೆ ಒಳಗೆ ಇಳಿಯಲ್ಲ. ಅದೊಂದೇ ಕೆಲವರಿಗೆ ಚುರುಗುಟ್ಟುತ್ತೆ. ನಿಯಾಸಿನಮೈಡ್ ಕೂಡ 10%ನಲ್ಲಿ ಕೆಲವರಿಗೆ ಆಗಲ್ಲ. ಅದರ ಬಗ್ಗೆ ನಡೆದ ಒಳ್ಳೆಯ ಅಧ್ಯಯನಗಳು ಹೆಚ್ಚಾಗಿ 2ರಿಂದ 5%ನವು. 4-5% ಇರುವ ಮಾಯಿಶ್ಚರೈಸರ್ ಸಿಕ್ಕರೆ ಪ್ರತ್ಯೇಕ ಸೀರಮ್ಮೇ ಬೇಡ, ಒಂದು ಪದರ ಕಡಿಮೆಯಾಯಿತು.

ವಿಟಮಿನ್ ಸಿಗೆ ನಿಜವಾಗಿ ತೊಂದರೆ ಕೊಡುವುದು ಗಾಳಿ, ಬೆಳಕು, ಲೋಹ. ತಾಮ್ರದ ಪೆಪ್ಟೈಡ್ ಸೀರಮ್ ಇದ್ದರೆ ಅದನ್ನು ರಾತ್ರಿಗೆ ಹಾಕಿ. ತಾಮ್ರದ ಅಯಾನು ಆಸ್ಕಾರ್ಬಿಕ್ ಆಮ್ಲ ಬೇಗ ಆಕ್ಸಿಡೀಕರಣಗೊಳ್ಳುವಂತೆ ಮಾಡುತ್ತೆ. 20% ದಾಟಿದರೆ ಹೀರಿಕೆ ಹೆಚ್ಚಲ್ಲ, ಉರಿ ಮಾತ್ರ ಹೆಚ್ಚುತ್ತೆ. ತಿಳಿ ಹಳದಿ ಪರವಾಗಿಲ್ಲ, ಕಿತ್ತಳೆ-ಕಂದು ಬಣ್ಣಕ್ಕೆ ತಿರುಗಿದರೆ ಎಸೆಯಿರಿ. 15% ವಿಟಮಿನ್ ಸಿ, 1% ವಿಟಮಿನ್ ಇ ಜೊತೆ 0.5% ಫೆರುಲಿಕ್ ಆಮ್ಲ ಸೇರಿಸಿದರೆ ದ್ರಾವಣ ಹೆಚ್ಚು ಸ್ಥಿರವಾಗುತ್ತೆ, ಬಿಸಿಲಿನಿಂದ ಕೊಡುವ ರಕ್ಷಣೆಯೂ ಸುಮಾರು ಇಮ್ಮಡಿಯಾಗುತ್ತೆ ಅಂತ 2005ರಲ್ಲೇ ತೋರಿಸಿದ್ದಾರೆ. ಜೊತೆ ಸೇರಿದರೆ ಲಾಭವಾಗುವ ಜೋಡಿಗಳೂ ಇವೆ, ಅದನ್ನೂ ಹೇಳಬೇಕು.

ಔಷಧಪೆಟ್ಟಿಗೆ
ಬೆನ್ಝಾಯ್ಲ್ ಪೆರಾಕ್ಸೈಡ್ ಹೆಸರು ಬಂದಿದ್ದರಿಂದ ಅದನ್ನು ಬಿಡಿಸಿ ಹೇಳ್ತೀನಿ. ನಿಜವಾದ ರಾಸಾಯನಿಕ ಜಗಳಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಟ್ರೆಟಿನಾಯಿನ್ ಜೊತೆ: ಸಾಮಾನ್ಯ ಟ್ರೆಟಿನಾಯಿನ್ ಜೆಲ್ ಪಕ್ಕದಲ್ಲಿ ಬೆನ್ಝಾಯ್ಲ್ ಪೆರಾಕ್ಸೈಡ್ ಇದ್ದರೆ, ಅದರಲ್ಲೂ ಬೆಳಕಿದ್ದರೆ, ಟ್ರೆಟಿನಾಯಿನ್ ಬೇಗ ನಾಶವಾಗುತ್ತೆ. ಪೆರಾಕ್ಸೈಡ್ ಬೆಳಗ್ಗೆ, ಟ್ರೆಟಿನಾಯಿನ್ ರಾತ್ರಿ, ಅಷ್ಟೇ ಪರಿಹಾರ. ಎರಡನ್ನೂ ಸಿಲಿಕಾ ಕವಚದೊಳಗೆ ಬೇರೆ ಬೇರೆ ಇಟ್ಟು ಒಂದೇ ಕ್ರೀಮ್ ಮಾಡಿದ್ದೂ ಇದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ಅನುಮತಿ ಕೊಟ್ಟಿತು. ಮನೆಯಲ್ಲಿ ಎರಡು ಟ್ಯೂಬ್ ಕಲೆಸಿದರೆ ಆ ಗುಣ ಬರಲ್ಲ.

ಅಡಾಪಲೀನ್ (ಇದೂ ಮೊಡವೆಗೆ ಹಚ್ಚುವ ರೆಟಿನಾಯ್ಡ್, ಅಂದರೆ ವಿಟಮಿನ್ ಎ ಗುಂಪಿನ ಪದಾರ್ಥ) ಜೊತೆ: ತೊಂದರೆ ಇಲ್ಲ. ಅಡಾಪಲೀನ್ ಅಣು ಬೆಳಕಿಗೂ ಪೆರಾಕ್ಸೈಡ್‌ಗೂ ತಡೆಯುತ್ತೆ. 0.1% ಅಡಾಪಲೀನ್, 2.5% ಬೆನ್ಝಾಯ್ಲ್ ಪೆರಾಕ್ಸೈಡ್ ಒಂದೇ ಟ್ಯೂಬಲ್ಲಿ ಬರುವುದು ಅದಕ್ಕೇ. "ರೆಟಿನಾಯ್ಡ್ ಜೊತೆ ಪೆರಾಕ್ಸೈಡ್ ಬೇಡ" ಅಂತ ಸಾರಾಸಗಟಾಗಿ ಬರೆಯುವ ಪಟ್ಟಿ ನಂಬಬೇಡಿ. ಉರಿ ಮಾತ್ರ ಎರಡರದ್ದೂ ಕೂಡುತ್ತೆ, ಅದು ಬೇರೆ ಮಾತು.

ಕಲೆ ತಿಳಿಯಾಗಿಸುವ ಹೈಡ್ರೋಕ್ವಿನೋನ್ ಜೊತೆ: ಚರ್ಮದ ಮೇಲೆ ತಾತ್ಕಾಲಿಕವಾಗಿ ಕಂದು ಬಣ್ಣ ಹಿಡಿಯುತ್ತೆ. ಮೊಡವೆಗೆ ಕೊಡುವ ಡ್ಯಾಪ್ಸೋನ್ ಜೆಲ್ ಜೊತೆ: ಚರ್ಮಕ್ಕೂ ಮುಖದ ಕೂದಲಿಗೂ ಹಳದಿ-ಕಿತ್ತಳೆ ಬಣ್ಣ. ವಿಟಮಿನ್ ಸಿ ಜೊತೆ: ಒಂದು ಆಕ್ಸಿಡೀಕಾರಕ, ಇನ್ನೊಂದು ಆಕ್ಸಿಡೀಕರಣ ತಡೆಯುವಂಥದ್ದು, ಸುಮ್ಮನೆ ದುಡ್ಡು ದಂಡ. ಬೇರೆ ಹೊತ್ತಿಗೆ ಹಾಕಿ.

ಕ್ಲಿಂಡಮೈಸಿನ್ ಜೆಲ್ ಜೊತೆಗಂತೂ ಪೆರಾಕ್ಸೈಡ್ ಇರಲೇಬೇಕು. ಬರೀ ಆಂಟಿಬಯಾಟಿಕ್ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಜಗ್ಗದಂತಾಗುತ್ತವೆ, ಪೆರಾಕ್ಸೈಡ್‌ಗೆ ಅಂಥ ಪ್ರತಿರೋಧ ಬೆಳೆಯಲ್ಲ. ಪ್ರಮಾಣ 2.5% ಸಾಕು. ಮೊಡವೆಯ ಮೇಲೆ 5, 10%ಗಳಷ್ಟೇ ಕೆಲಸ ಮಾಡುತ್ತೆ, ಉರಿ ಕಡಿಮೆ. ದಿಂಬಿನ ಚೀಲ, ಟವೆಲ್ ಬಿಳಿಯದಿರಲಿ, ಬಣ್ಣದ ಬಟ್ಟೆ ಬಿಳಿಚಿಕೊಳ್ಳುತ್ತೆ.

ತಿಳಿನೀರು
ರೆಟಿನಾಲ್ ಶುರುವಾಗಿ ಮೂರು ವಾರ. ಸಣ್ಣ ಸಣ್ಣ ಗುಳ್ಳೆ, ಸ್ವಲ್ಪ ಉರಿ. ಇದು "ಪರ್ಜಿಂಗ್" (ಒಳಗಿದ್ದ ಮೊಡವೆ ಹೊರಬರುವುದು) ಅಂತ ತಡೆದುಕೊಂಡು ಮುಂದುವರಿಸಬೇಕಾ, ನಿಲ್ಲಿಸಬೇಕಾ?

ಚರ್ಮಚಿಂತನ
ಜಾಗ ನೋಡಿ, ರೂಪ ನೋಡಿ. ಮೊದಲಿಂದಲೂ ಮೊಡವೆ ಬರುತ್ತಿದ್ದ ಜಾಗದಲ್ಲೇ, ಅದೇ ಥರದ ಬಿಳಿತಲೆ-ಕರಿತಲೆ ಮೊಡವೆಗಳು ಬೇಗ ಬೇಗ ಎದ್ದು ಬೇಗ ಇಳಿದರೆ ಒಳಗಿದ್ದದ್ದು ಹೊರಬರುತ್ತಿದೆ ಅನ್ನಬಹುದು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ತಗ್ಗುತ್ತೆ. ಹಿಂದೆ ಯಾವತ್ತೂ ಏನೂ ಬಾರದ ಕೆನ್ನೆಯ ಮೇಲ್ಭಾಗ, ಬಾಯಿಯ ಸುತ್ತ ಒಂದೇ ಅಳತೆಯ ಕೆಂಪು ಗುಳ್ಳೆ ಎದ್ದರೆ ಅದು ಕೆರಳಿಕೆ. ತುರಿಕೆ, ಊತ, ರೆಪ್ಪೆ ದಪ್ಪಗಾಗುವುದು ಇದ್ದರೆ ಅಲರ್ಜಿ ಇರಬಹುದು. ಆ ಉತ್ಪನ್ನವನ್ನು ಪೂರ್ತಿ ಬಿಡಬೇಕು, ವೈದ್ಯರಿಗೆ ತೋರಿಸಬೇಕು.

ನಿಯಾಸಿನಮೈಡ್, ವಿಟಮಿನ್ ಸಿ, ಮಾಯಿಶ್ಚರೈಸರ್‌ಗೆಲ್ಲ "ಪರ್ಜಿಂಗ್" ಅನ್ನುವ ಹೆಸರು ಕೊಡಬೇಡಿ. ಅವು ಕೋಶಗಳ ಓಟವನ್ನು ರೆಟಿನಾಯ್ಡ್‌ನಂತೆ ವೇಗಗೊಳಿಸಲ್ಲ. ಅವುಗಳಿಂದ ಗುಳ್ಳೆ ಬಂದರೆ ಅದು ಒಗ್ಗಿಲ್ಲ ಅಂತಲೇ ಅರ್ಥ.

ಉರಿದರೆ ಕೆಲಸ ಮಾಡ್ತಿದೆ ಅನ್ನುವ ನಂಬಿಕೆಯಿಂದ ಎಷ್ಟು ಮುಖಗಳು ಹಾಳಾಗುತ್ತವೆ ಅಂತ ನೋಡಿದರೆ ಸಂಕಟವಾಗುತ್ತೆ. ಉರಿಗೂ ಫಲಿತಾಂಶಕ್ಕೂ ಸಂಬಂಧ ಇಲ್ಲ. ಹಚ್ಚಿದ ಒಂದೆರಡು ನಿಮಿಷದಲ್ಲಿ ಹೋಗುವ ಸಣ್ಣ ಚುರುಗು ಸರಿ. ಐದು ನಿಮಿಷ ಮೀರಿ ಉರಿದರೆ ತೊಳೆದುಬಿಡಿ.

ನಿಮಗೆ ಈಗ ಉರಿ ಇರುವುದರಿಂದ: ಎಲ್ಲ ಆಕ್ಟಿವ್ ನಿಲ್ಲಿಸಿ. ಬೆಳಗ್ಗೆ ಬರೀ ನೀರು, ರಾತ್ರಿ ಮೃದು ಫೇಸ್‌ವಾಶ್. ಸುಗಂಧ ಇಲ್ಲದ, ಸೆರಮೈಡ್ ಇರುವ ಕ್ರೀಮ್ ದಿನಕ್ಕೆ ಎರಡು-ಮೂರು ಸಲ. ಸಿಪ್ಪೆ ಏಳುವ ಜಾಗಕ್ಕೆ ರಾತ್ರಿ ಪೆಟ್ರೋಲಿಯಂ ಜೆಲ್ಲಿಯ ತೆಳು ಲೇಪ. ಸಿಪ್ಪೆ ಕೀಳಬೇಡಿ, ಸ್ಕ್ರಬ್ ಮುಟ್ಟಬೇಡಿ. ಸನ್‌ಸ್ಕ್ರೀನ್ ಉರಿದರೆ ಝಿಂಕ್ ಆಕ್ಸೈಡ್ ಇರುವುದಕ್ಕೆ ಬದಲಾಯಿಸಿ. ಮಾಯಿಶ್ಚರೈಸರ್ ಉರಿಯದೆ ಒಂದು ವಾರ ಕಳೆದ ಮೇಲೆ ವಾರಕ್ಕೆ ಒಂದು ರಾತ್ರಿಯಿಂದ ಮತ್ತೆ ಶುರು ಮಾಡಿ. ಆಗ ಕ್ರಮ ಹೀಗಿರಲಿ: ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಲ್, ಅದರ ಮೇಲೆ ಇನ್ನೊಂದು ಪದರ ಮಾಯಿಶ್ಚರೈಸರ್. ತೀವ್ರತೆ ಸ್ವಲ್ಪ ತಗ್ಗುತ್ತೆ, ಆದರೆ ನಿಲ್ಲಿಸದೆ ಮುಂದುವರಿಸಬಹುದು. ರೆಟಿನಾಯ್ಡ್ ಅಳೆಯಬೇಕಾದದ್ದು 12 ವಾರಕ್ಕೆ, ಮೂರು ವಾರಕ್ಕಲ್ಲ.

ಔಷಧಪೆಟ್ಟಿಗೆ
ಇದಕ್ಕೆ ಒಂದು ಸೇರಿಕೆ: ಆಕ್ಟಿವ್‌ಗಳನ್ನು ಎಣಿಸುವಾಗ ಸೀರಮ್ ಮಾತ್ರ ಎಣಿಸಬೇಡಿ. ಫೇಸ್‌ವಾಶ್‌ನಲ್ಲಿ ಸ್ಯಾಲಿಸಿಲಿಕ್, ಟೋನರ್‌ನಲ್ಲಿ ಲ್ಯಾಕ್ಟಿಕ್, "ನೈಟ್ ಕ್ರೀಮ್"ನಲ್ಲಿ ರೆಟಿನೈಲ್ ಪಾಲ್ಮಿಟೇಟ್ (ಇದೂ ವಿಟಮಿನ್ ಎ), ಕಣ್ಣಿನ ಕ್ರೀಮ್‌ನಲ್ಲಿ ರೆಟಿನಾಲ್ ಅಡಗಿರುತ್ತವೆ. ನಾಲ್ಕನ್ನೂ ಹಚ್ಚಿಕೊಂಡು "ನಾನು ಬಳಸುವುದು ಒಂದೇ ಆಕ್ಟಿವ್" ಅಂದುಕೊಳ್ಳುವವರು ಬಹಳ. ಎಲ್ಲ ಡಬ್ಬಿಗಳ ಹಿಂಬದಿ ಓದಿ. ಯುರೋಪಿಯನ್ ಒಕ್ಕೂಟ 2024ರ ನಿಯಮದಲ್ಲಿ ಮುಖದ ಉತ್ಪನ್ನಗಳಿಗೆ ರೆಟಿನಾಲ್ 0.3%, ಬಾಡಿ ಲೋಷನ್‌ಗೆ 0.05% ಅಂತ ಮಿತಿ ಹಾಕಿರುವುದೂ ಒಟ್ಟು ಎಷ್ಟು ವಿಟಮಿನ್ ಎ ಮೈಗೆ ಸೇರುತ್ತೆ ಅನ್ನುವ ಲೆಕ್ಕದಿಂದಲೇ.

ನಸುಕು
ಗರ್ಭಿಣಿಯರಿಗೆ ಇದರಲ್ಲಿ ಯಾವುದು ಬೇಡ?

ಔಷಧಪೆಟ್ಟಿಗೆ
ರೆಟಿನಾಯ್ಡ್ ಕುಟುಂಬ ಪೂರ್ತಿ ಬೇಡ: ರೆಟಿನಾಲ್, ರೆಟಿನಾಲ್ಡಿಹೈಡ್, ಅಡಾಪಲೀನ್, ಟ್ರೆಟಿನಾಯಿನ್, ಟ್ಯಾಝರೋಟೀನ್. ಗರ್ಭಕ್ಕೆ ಪ್ರಯತ್ನಿಸುತ್ತಿರುವಾಗಲೇ ನಿಲ್ಲಿಸುವುದು ಲೇಸು. ಹೈಡ್ರೋಕ್ವಿನೋನ್ ಚರ್ಮದ ಮೂಲಕ ಸಾಕಷ್ಟು ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತೆ, ಅದೂ ಬೇಡ. ಅಝೆಲೇಯಿಕ್ ಆಮ್ಲ ಬಳಸಬಹುದು. ಮೊಡವೆಗೂ ಕಲೆಗೂ ಎರಡಕ್ಕೂ ಆಗುತ್ತೆ, 15% ಜೆಲ್ ಅಥವಾ 20% ಕ್ರೀಮ್. ಶುರುವಿನ ದಿನಗಳಲ್ಲಿ ತುರಿಕೆ ಸಾಮಾನ್ಯ. ವಿಟಮಿನ್ ಸಿ, ನಿಯಾಸಿನಮೈಡ್, ಕಡಿಮೆ ಪ್ರಮಾಣದ ಗ್ಲೈಕಾಲಿಕ್ ಸರಿ. ಸ್ಯಾಲಿಸಿಲಿಕ್ ಮುಖದ ಸಣ್ಣ ಜಾಗಕ್ಕೆ 2% ಪರವಾಗಿಲ್ಲ, ಮೈತುಂಬ ಪೀಲ್ ಬೇಡ. ನಿಮ್ಮನ್ನು ನೋಡುವ ಡಾಕ್ಟರಿಗೆ ಪಟ್ಟಿ ತೋರಿಸಿಯೇ ಮುಂದುವರಿಯಿರಿ.

ಹೊಂಗೆನೆರಳು
ಬಂಗಿಗೆ (ಮುಖದ ಮೇಲೆ ಹರಡುವ ಕಂದು ಕಲೆ, ಮೆಲಸ್ಮಾ) ಅಂತ ಒಂದು ಟ್ಯೂಬ್ ಬಳಸುತ್ತಿರುವವರು ಅದರ ಜೊತೆ ಗ್ಲೈಕಾಲಿಕ್ ಸೇರಿಸಬಹುದಾ? ಲೇಬಲ್ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತಿದೆ.

ಚರ್ಮಚಿಂತನ
ಬೇಡವೇ ಬೇಡ. ಈ ಟ್ಯೂಬಿನಲ್ಲೇ ಮೂರು ಪ್ರಬಲ ಔಷಧಗಳಿವೆ. ಇದರ ಮೂಲ ಸೂತ್ರ 1975ರದು: 5% ಹೈಡ್ರೋಕ್ವಿನೋನ್, 0.1% ಟ್ರೆಟಿನಾಯಿನ್, 0.1% ಡೆಕ್ಸಾಮೆಥಸೋನ್ (ಸ್ಟೀರಾಯ್ಡ್). ಟ್ರೆಟಿನಾಯಿನ್ ಹೈಡ್ರೋಕ್ವಿನೋನನ್ನು ಒಳಗಿಳಿಸುತ್ತೆ, ಸ್ಟೀರಾಯ್ಡ್ ಆ ಇಬ್ಬರ ಉರಿಯನ್ನು ಅಡಗಿಸುತ್ತೆ. ಲೆಕ್ಕಾಚಾರ ಚೆನ್ನಾಗಿದೆ, ಆದರೆ ಅದು ಚರ್ಮತಜ್ಞರ ಕಣ್ಣೆದುರು ಕೆಲವೇ ವಾರಗಳ ಮಟ್ಟಿಗೆ ಮಾಡಿದ್ದು. ಮೊಮೆಟಾಸೋನ್ ಸಾಕಷ್ಟು ಪ್ರಬಲ ಸ್ಟೀರಾಯ್ಡ್. ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತೆ, ರಕ್ತನಾಳ ಕಾಣುತ್ತೆ, ಮೊಡವೆಯಂಥ ಗುಳ್ಳೆ, ಅನಗತ್ಯ ಕೂದಲು ಬರುತ್ತವೆ, ಬಿಟ್ಟ ಕೂಡಲೇ ಮುಖ ಕೆಂಪಾಗಿ ಉರಿಯುತ್ತೆ. ಉರಿ ಬಂತಲ್ಲ ಅಂತ ಮತ್ತೆ ಹಚ್ಚುತ್ತಾರೆ, ಸುಳಿ ಅಲ್ಲಿಂದ ಶುರು.

ಇದರ ಮೇಲೆ ಗ್ಲೈಕಾಲಿಕ್ ಹಚ್ಚಿದರೆ ಉರಿ ತಕ್ಷಣ ಗೊತ್ತಾಗದೆ ಹೋಗಬಹುದು, ಯಾಕಂದ್ರೆ ಸ್ಟೀರಾಯ್ಡ್ ಅದನ್ನು ಮರೆಮಾಚುತ್ತೆ. ಅಪಾಯ ಇರುವುದೇ ಅಲ್ಲಿ. ವೈದ್ಯರು ಬರೆದದ್ದಾದರೆ ಎಷ್ಟು ವಾರ, ಹೇಗೆ ಬಿಡಿಸುತ್ತಾರೆ ಅಂತ ಕೇಳಿ. ಯಾರೋ ಹೇಳಿದರು ಅಂತ ಬಳಸುತ್ತಿರುವುದಾದರೆ, ಬಹಳ ಕಾಲದಿಂದ ಹಚ್ಚಿದ್ದರೆ, ಏಕಾಏಕಿ ನಿಲ್ಲಿಸದೆ ಚರ್ಮತಜ್ಞರ ಬಳಿ ಹೋಗಿ.

ಬಂಗಿಗೆ ಇನ್ನೊಂದು ಮಾತು. ಅದು ಬರೀ ಅತಿನೇರಳೆ ಕಿರಣದಿಂದಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಗಾಢವಾಗುತ್ತೆ. ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ತೆಗೆದುಕೊಳ್ಳಿ. ಬಿಳಿ ಸನ್‌ಸ್ಕ್ರೀನ್ ಕಾಣುವ ಬೆಳಕನ್ನು ಅಷ್ಟಾಗಿ ತಡೆಯಲ್ಲ.

ಲಿಟ್ಮಸ್
ಸನ್‌ಸ್ಕ್ರೀನ್ ಅಳತೆಯನ್ನೂ ಹೇಳಿಬಿಡ್ತೀನಿ. ಲೇಬಲ್ ಮೇಲಿನ ಎಸ್‌ಪಿಎಫ್ ಅಳೆಯುವುದು ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖಕ್ಕೆ ಅದು ಸುಮಾರು ಕಾಲು ಟೀ ಚಮಚ, ಕುತ್ತಿಗೆಗೆ ಬೇರೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿದರೆ ಹತ್ತಿರ ಬರುತ್ತೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಸೀರಮ್ ಅಥವಾ ಮಾಯಿಶ್ಚರೈಸರನ್ನು ಅಂಗೈಯಲ್ಲಿ ಸನ್‌ಸ್ಕ್ರೀನ್ ಜೊತೆ ಕಲೆಸಿ ಹಚ್ಚಬೇಡಿ. ಪದರ ಒಡೆಯುತ್ತೆ, ರಕ್ಷಣೆ ಎಷ್ಟು ಉಳಿಯಿತು ಅಂತ ಯಾರಿಗೂ ಗೊತ್ತಾಗಲ್ಲ. ಗ್ಲೈಕಾಲಿಕ್ ಬಿಟ್ಟ ಮೇಲೂ ಒಂದು ವಾರ ಬಿಸಿಲಿಗೆ ಚರ್ಮ ಸೂಕ್ಷ್ಮವಾಗಿರಬಹುದು ಅಂತ ಎಫ್‌ಡಿಎ ಲೇಬಲ್ ಸೂಚನೆಯೇ ಇದೆ. "ನಿನ್ನೆ ರಾತ್ರಿ ಹಚ್ಚಿಲ್ಲ, ಇವತ್ತು ಬೇಡ" ಅನ್ನುವ ಲೆಕ್ಕ ನಡೆಯಲ್ಲ.

ಎಳೆಬಿಸಿಲು
ಎಲ್ಲ ಸೇರಿಸಿ ಹೀಗೆ ಬರೆದುಕೊಂಡೆ, ತಪ್ಪಿದ್ದರೆ ತಿದ್ದಿ. ಬೆಳಗ್ಗೆ: ನೀರು, ನಿಯಾಸಿನಮೈಡ್ ಇರುವ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಮೂರನೇ ತಿಂಗಳಿಂದ ನೀರಿನ ನಂತರ ವಿಟಮಿನ್ ಸಿ. ರಾತ್ರಿ: ಸೋಮವಾರ, ಗುರುವಾರ ರೆಟಿನಾಲ್. ಶನಿವಾರ ಸ್ಯಾಲಿಸಿಲಿಕ್. ಉಳಿದ ದಿನ ಬರೀ ಮಾಯಿಶ್ಚರೈಸರ್. ಗ್ಲೈಕಾಲಿಕ್ ಮೊಣಕೈ, ಮೊಣಕಾಲಿಗೆ. ಹೊಸದನ್ನು ಮುಖಕ್ಕೆ ಮೊದಲು ಕಿವಿಯ ಹಿಂದೆ ಒಂದು ರಾತ್ರಿ ಪರೀಕ್ಷೆ.

ಔಷಧಪೆಟ್ಟಿಗೆ
ಎರಡು ತಿದ್ದುಪಡಿ. ಒಂದು ರಾತ್ರಿಯ ಪರೀಕ್ಷೆ ಸಾಲದು. ಅಲರ್ಜಿ ಕಾಣಿಸಲು ಒಂದೆರಡು ದಿನದಿಂದ ಕೆಲವು ದಿನಗಳೇ ಬೇಕಾಗುತ್ತೆ. ಮುಂಗೈಯ ಒಳಭಾಗದಲ್ಲಿ ಒಂದು ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ಏಳು ದಿನ ಹಚ್ಚಿ ನೋಡಿ. ರೆಟಿನಾಲ್, ಆಸಿಡ್‌ಗಳಿಗೆ ದಿನಕ್ಕೆ ಒಂದೇ ಸಲ ಸಾಕು. ಅವು ಪದೇ ಪದೇ ಹಚ್ಚಿದರೆ ಯಾರ ಕೈಯನ್ನಾದರೂ ಕೆಂಪಾಗಿಸುತ್ತವೆ, ಅದನ್ನು ಅಲರ್ಜಿ ಅಂದುಕೊಳ್ಳಬಾರದು.

ಎರಡನೆಯದು, ಮೇಲ್ದುಟಿ ಅಥವಾ ಹುಬ್ಬಿಗೆ ವ್ಯಾಕ್ಸಿಂಗ್ ಮಾಡಿಸುವುದಿದ್ದರೆ ಒಂದು ವಾರ ಮೊದಲೇ ರೆಟಿನಾಲ್, ಸ್ಯಾಲಿಸಿಲಿಕ್ ಎರಡನ್ನೂ ನಿಲ್ಲಿಸಿ. ತೆಳುವಾದ ಹೊರಪದರ ಮೇಣದ ಜೊತೆ ಕಿತ್ತು ಬರುತ್ತೆ, ಮೇಲ್ದುಟಿಯ ಮೇಲೆ ಉಳಿಯುವ ಕಲೆ ಹೋಗಲು ತಿಂಗಳುಗಳೇ ಹಿಡಿಯುತ್ತೆ. ಮಾಡಿಸಿದ ಮೇಲೆ ಚರ್ಮ ಪೂರ್ತಿ ಮಾಮೂಲಿಗೆ ಬರುವ ತನಕ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಮಾತ್ರ. ಆಮೇಲೆ ಸೋಮವಾರದ ರೆಟಿನಾಲ್‌ನಿಂದ ಮತ್ತೆ ಹಿಡಿಯಿರಿ, ಆ ವಾರದ ಸ್ಯಾಲಿಸಿಲಿಕ್ ಬಿಟ್ಟುಬಿಡಿ.